ದವಾಖಾನೆಯ ಇಂಗ್ಲಿಷು

ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಸೀಮೆಯಲ್ಲಿ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಹೊರಟ ಹುಡುಗ ಹುಡುಗಿಯರು ಒಂದು ಕಾಲಕ್ಕೆ ಹೈದರಾಬಾದಿಗೋ ಹುಬ್ಬಳ್ಳಿಗೋ ಗಂಟುಮೂಟೆ ಕಟ್ಟಬೇಕಾಗಿದ್ದಿತು. 2002ರಲ್ಲಿ ನವೋದಯ ಕಾಲೇಜೂ 2007ರಲ್ಲಿ ನಾವೆಲ್ಲರೂ ರಿಮ್ಸ್ ಎಂದು ಕರೆಯುವ ಸರಕಾರಿ ಸಂಸ್ಥೆಯೂ ರಾಯಚೂರಿನಲ್ಲಿಯೇ ತಲೆಯೆತ್ತಿದವು. ತರುವಾಯ ಸಂವಿಧಾನದ 371ಜೆ ವಿಧಿಯು ಈ ಭಾಗದ ಶಿಕ್ಷಣಸಂಸ್ಥೆಗಳಲ್ಲಿ ನೂರಕ್ಕೆ 70ರಷ್ಟು ಸ್ಥಾನಗಳನ್ನು ಸ್ಥಳೀಯರಿಗೆಂದು ಕಾದಿರಿಸುವುದಕ್ಕೆ ದಾರಿಮಾಡಿತು. 2017ರಿಂದೀಚೆಗೆ ಪ್ರವೇಶಪರೀಕ್ಷೆಯಾದ ನೀಟ್‌ನ ಪ್ರಶ್ನಪತ್ರಿಕೆಯೂ ಕನ್ನಡದಲ್ಲಿ ದೊರೆಯತೊಡಗಿತು. ಇಷ್ಟೆಲ್ಲ ಅನುಕೂಲವಾದ ಮೇಲೆಯೂ ಹತ್ತನೆಯ ತರಗತಿಯವರೆಗೆ ದೇವದುರ್ಗದ ಕಡೆಯ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ, ಮುಂದಿನ ಎರಡು ವರ್ಷಗಳನ್ನು ಹಾಗೂ ಹೀಗೂ ಇಂಗ್ಲಿಷಿನಲ್ಲಿ ಕಳೆದು, ಕೊನೆಗೆ ಕಾಲೇಜಿನ ಹೊಸ್ತಿಲನ್ನು ದಾಟಿದ ವಿದ್ಯಾರ್ಥಿನಿಯ ಮುಂದೆ ಮೊದಲ ವಾರದಲ್ಲಿಯೇ ಬಂದು ನಿಲ್ಲುವುದು ಎಲುಬಲ್ಲ, ನರವಲ್ಲ. ಅವುಗಳ ಇಂಗ್ಲಿಷ್ ಹೆಸರುಗಳ ಮಹಾರಾಶಿ. ಶುಶ್ರೂಷಾ ಶಾಲೆಗಳಿಗೆ ಸೇರಿದವರ ಪಾಡು ಇದಕ್ಕಿಂತಲೂ ಕಷ್ಟವೆನ್ನಬೇಕು. ಅವರಿಗೆ ಓದಿನ ಅವಧಿ ಕಡಮೆ, ವಾರ್ಡಿನ ಕೆಲಸ ಹೆಚ್ಚು, ತಪ್ಪಿದರೆ ಗದರುವವರು ಬಹಳ.

ಈ ಶಬ್ದರಾಶಿಯನ್ನು ಕಲಿಯುವುದಕ್ಕೆ ಸಾಮಾನ್ಯವಾಗಿ ಹಿಡಿಯುವ ಮಾರ್ಗ ಬಾಯಿಪಾಠ. ಪಟ್ಟಿಯೊಂದನ್ನು ಮಾಡಿಕೊಂಡು ಎಡಕ್ಕೆ ಇಂಗ್ಲಿಷ್, ಬಲಕ್ಕೆ ಅರ್ಥ, ದಿನಕ್ಕಿಷ್ಟು ಎಂದು ಉರುಹೊಡೆಯುವುದು. ಇದು ವ್ಯರ್ಥವೆಂದು ನಾವು ಹೇಳಲಾರೆವಾದರೂ ಮಂದಗತಿಯ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ. ಏಕೆಂದರೆ ವೈದ್ಯರ ಇಂಗ್ಲಿಷು ಹೆಸರಿಗೆ ಮಾತ್ರ ಇಂಗ್ಲಿಷಾಗಿದ್ದು, ಅದರ ಅಸ್ಥಿಮಾಂಸಗಳೆಲ್ಲ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳವು, ಅದರ ಕಟ್ಟಡವೋ ನಮ್ಮ ಸಮಾಸಗಳ ಕಟ್ಟಡವನ್ನೇ ಹೋಲತಕ್ಕದ್ದು. ಯಾವುದೇ ಅಂಗದ ಹೆಸರಿನ ಕೊನೆಗೆ ಐಟಿಸ್ ಎಂದು ಬಂದರೆ ಆ ಅಂಗಕ್ಕೆ ಉರಿಯೂತ. ಎಕ್ಟಮಿ ಎಂದು ಬಂದರೆ ಅದನ್ನು ಕತ್ತರಿಸಿ ತೆಗೆಯುವುದು. ಆಟಮಿ ಎಂದು ಬಂದರೆ ಕೊಯ್ದು ತೆರೆಯುವುದು. ಮೂತ್ರಪಿಂಡಕ್ಕೆ ಗ್ರೀಕರಿಂದ ನೆಫ್ರೊ ಎಂಬುದೂ ಲ್ಯಾಟಿನಿನಿಂದ ರೀನಲ್ ಎಂಬುದೂ ಬಂದು ಒಂದೇ ಮನೆಯಲ್ಲಿ ವಾಸವಾಗಿರುವುದನ್ನು ಒಮ್ಮೆ ತೋರಿಸಿಕೊಟ್ಟರೆ, ಶಾಲೆಯಲ್ಲಿ ತತ್ಪುರುಷ ಬಹುವ್ರೀಹಿಗಳನ್ನು ಬಿಡಿಸಿ ಅಂಕ ಪಡೆದ ಕನ್ನಡದ ಮಗುವಿಗೆ ಇದರಲ್ಲಿ ಭಯಪಡತಕ್ಕದ್ದೇನೂ ಉಳಿಯದು. ಡಾ. ಡಿ.ಎಸ್. ಶಿವಪ್ಪನವರು ವೈದ್ಯಕೀಯ ಪದಗಳ ಹುಟ್ಟನ್ನೂ ರಚನೆಯನ್ನೂ ಕುರಿತು ಕನ್ನಡದಲ್ಲಿಯೇ ಒಂದು ಗ್ರಂಥವನ್ನು ರಚಿಸಿ ಈ ಬಾಗಿಲನ್ನು ತೆರೆದಿಟ್ಟಿದ್ದಾರೆ. ನೆರೆಯ ಕಲಬುರ್ಗಿಯ ಡಾ. ಪಿ.ಎಸ್. ಶಂಕರ ಅವರು ದಶಕಗಳ ಕಾಲ ರೋಗಿಗಳನ್ನೂ ವಿದ್ಯಾರ್ಥಿಗಳನ್ನೂ ನೋಡಿಕೊಳ್ಳುತ್ತಲೇ ವೈದ್ಯಶಾಸ್ತ್ರದ ಪುಸ್ತಕಗಳನ್ನು ಸಾಲುಸಾಲಾಗಿ ಕನ್ನಡದಲ್ಲಿ ಬರೆದರು. ಇಂತಹ ಪುಸ್ತಕಗಳು ಶುಶ್ರೂಷಾ ಶಾಲೆಯ ಪ್ರತಿಯೊಂದು ಗ್ರಂಥಾಲಯದಲ್ಲಿಯೂ ಇರತಕ್ಕವು.

ಅವಸರದ ಕಲಿಕೆಯಿಂದ ಬರುವ ಹಾನಿಗೆ ಒಂದೇ ಉದಾಹರಣೆ ಸಾಕು. ಹೈಪರ್ ಎಂದರೆ ಮೇಲು, ಹೈಪೊ ಎಂದರೆ ಕೆಳಗು. ಕನ್ನಡ ಲಿಪಿಯಲ್ಲಿ ಬರೆದಾಗ ಸ್ಪಷ್ಟವಾಗಿ ಬೇರೆಬೇರೆಯಾಗಿ ಕಾಣುವ ಇವೆರಡೂ ರಾತ್ರಿಪಾಳಿಯಲ್ಲಿ, ದೂರವಾಣಿಯ ಗೊರಗೊರ ಸದ್ದಿನ ನಡುವೆ, ಒಂದೇ ಆಗಿಬಿಡುತ್ತವೆ. ರಕ್ತದ ಸಕ್ಕರೆ ಏರಿದವನಿಗೆ ಇನ್ಸುಲಿನ್ ಬೇಕು, ಇಳಿದವನಿಗೆ ಸಕ್ಕರೆಯೇ ಬೇಕು. ಒಬ್ಬನದನ್ನು ಇನ್ನೊಬ್ಬನಿಗೆ ಕೊಟ್ಟರೆ ಮುಂದಿನದನ್ನು ವಿವರಿಸಬೇಕಾಗಿಲ್ಲ.

ಆದರೆ ಇಂಗ್ಲಿಷನ್ನು ಕಲಿಯುವವರು ಕಾಲೇಜಿನವರು ಮಾತ್ರವೆಂದು ಭಾವಿಸುವುದು ತಪ್ಪು. ಮಾನ್ವಿಯ ಸಂತೆಗೆ ಬಂದ ಮುದುಕಿಯೂ ಈ ಭಾಷೆಯನ್ನು ಕಲಿಯುತ್ತಲೇ ಇದ್ದಾಳೆ, ಗುರುವಿಲ್ಲದೆ, ಸ್ವಂತ ಖರ್ಚಿನಲ್ಲಿ. ವೈದ್ಯನು ಯಾವ ಭಾಷೆಯಲ್ಲಿ ಓದಿಬಂದನೋ ಆ ಭಾಷೆಯಿಂದಲೇ ರೋಗದ ಹೆಸರನ್ನು ಪಡೆಯುವುದು ಈ ನಾಡಿನ ಜನಕ್ಕೆ ಹೊಸತಲ್ಲ. ದಾಸಸಾಹಿತ್ಯದ ಪರಿಚಯವುಳ್ಳವರಿಗೆ ಗೊತ್ತಿರುವ ಐತಿಹ್ಯವೊಂದುಂಟು. ಮಾನ್ವಿಯ ಶ್ರೀನಿವಾಸಾಚಾರ್ಯರು ವಿಜಯದಾಸರ ಆಹ್ವಾನವನ್ನು ಹೊಟ್ಟೆನೋವೆಂಬ ನೆಪದಿಂದ ತಿರಸ್ಕರಿಸಲು, ನೆಪವೇ ನಿಜವಾಗಿ ಉದರಶೂಲೆಯು ಅವರನ್ನು ಹಿಡಿಯಿತೆಂದೂ, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರೆಂದೂ, ಹಾಗೆ ಉಳಿದವರೇ ಜಗನ್ನಾಥದಾಸರೆಂದೂ ಹೇಳುವರು. ಉದರಶೂಲೆಯೆಂಬ ಸಂಸ್ಕೃತವೂ ಪಥ್ಯವೆಂಬ ಸಂಸ್ಕೃತವೂ ಹೀಗೆ ಪಂಡಿತರಿಂದ ಇಳಿದುಬಂದವು. ನಿಜಾಮರ ಆಳಿಕೆಯಲ್ಲಿ ಆಸ್ಪತ್ರೆಯು ದವಾಖಾನೆಯಾಯಿತು, ಪಾರ್ಶ್ವವಾಯುವು ಲಕ್ವವಾಯಿತು, ಭೇದಿಯ ಮದ್ದು ಜುಲಾಬಾಯಿತು, ಲೇಪವು ಮುಲಾಮಾಯಿತು. ಇಂದಿಗೂ ದೇವದುರ್ಗದಲ್ಲಿ ಪಾರ್ಶ್ವವಾಯುವೆಂದರೆ ಎಷ್ಟು ಜನ ತಲೆಯಾಡಿಸಿಯಾರೆಂಬುದು ಸಂಶಯ. ಲಕ್ವ ಹೊಡೆದಿದೆ ಎಂದರೆ ಕೂಡಲೇ ಗಾಡಿ ಹೂಡುವರು.

ಈ ನಿಜಾಮರ ಕಾಲದ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಪಾಶ್ಚಾತ್ಯ ವೈದ್ಯವನ್ನು ಭಾರತೀಯ ಭಾಷೆಯಲ್ಲಿ ಕಲಿಸಲು ಸಾಧ್ಯವೇ ಎಂಬ ಚರ್ಚೆ 2022ರಲ್ಲಿ ಭೋಪಾಲದಲ್ಲಿ ಹಿಂದಿಯ ವೈದ್ಯಕೀಯ ಪಠ್ಯಗಳು ಬಿಡುಗಡೆಯಾದಂದಿನಿಂದ ಪುನಃ ಎದ್ದಿದೆ. ರಾಯಚೂರಿನವರಿಗೆ ಈ ಪ್ರಶ್ನೆ ಹಳೆಯದು. ನಾವು ಯಾವ ಸಂಸ್ಥಾನದ ಪ್ರಜೆಗಳಾಗಿದ್ದೆವೋ ಆ ಸಂಸ್ಥಾನವು 1917ರಲ್ಲಿ ಭಾಷಾಂತರ ಇಲಾಖೆಯೊಂದನ್ನು ತೆರೆದು, ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿ, ಕಾಲಕ್ರಮದಲ್ಲಿ ವೈದ್ಯವನ್ನೂ ಉರ್ದುವಿನಲ್ಲಿಯೇ ಬೋಧಿಸಿತು, ವೈದ್ಯರೂ ತಯಾರಾದರು. ಸಾಧ್ಯವೆಂಬುದು ಅಲ್ಲಿಗೇ ಸಿದ್ಧವಾಯಿತು. ಆದರೆ ಆ ವೈದ್ಯನು ಮಾನ್ವಿಗೆ ಬಂದು ಕುಳಿತಾಗ ಅವನೆದುರಿಗೆ ಬಂದ ಒಕ್ಕಲಿಗನ ಭಾಷೆ ಉರ್ದುವಾಗಿರಲಿಲ್ಲ. ಬೋಧನಭಾಷೆ ದೇಶೀಯವಾದ ಮಾತ್ರಕ್ಕೆ ಅದು ರೋಗಿಯ ಭಾಷೆಯಾಗಿಬಿಡದೆಂಬುದನ್ನು ನಮ್ಮ ಹಿರಿಯರು ಅನುಭವಿಸಿ ಬಲ್ಲರು. ಹಾಗೆಯೇ ನಾಳೆ ನಮ್ಮ ವಿದ್ವಾಂಸರು ಬೆಂಗಳೂರಿನಲ್ಲಿ ಕುಳಿತು ಟಂಕಿಸಿದ, ಉಚ್ಚರಿಸಲು ಉಸಿರು ಸಾಲದ ಸಂಸ್ಕೃತಸಮಾಸಗಳು ದವಾಖಾನೆಗೆ ಬಂದರೂ ಗತಿ ಅದೇ. ತತ್ಸಮವನ್ನು ಇಷ್ಟು ಧಾರಾಳವಾಗಿ ಬಳಸುತ್ತಿರುವ ಈ ಲೇಖನಿಯಿಂದ ಇಂತಹ ಮಾತು ಬಂದುದಕ್ಕೆ ಓದುಗರು ನಕ್ಕರೆ ಅದು ಯುಕ್ತವೇ.

ರೋಗಿಗಳು ತಾವಾಗಿಯೇ ಕಲಿತ ಇಂಗ್ಲಿಷಿನ ಸ್ಥಿತಿಯನ್ನು ನೋಡಿರಿ. ಬಿ.ಪಿ. ಎಂಬುದು ಒಂದು ಅಳತೆಯ ಹೆಸರು. ನಮ್ಮಲ್ಲಿ ಅದು ರೋಗದ ಹೆಸರು. “ನಂಗ ಬಿ.ಪಿ. ಐತ್ರಿ, ಶುಗರೂ ಐತ್ರಿ” ಎಂದು ಹೇಳಿದವಳ ಬಾಯಲ್ಲಿ ಅರ್ಥಕ್ಕೇನೂ ಕೊರತೆಯಾಗಲಿಲ್ಲ, ಅದನ್ನು ತಿದ್ದಹೊರಡುವುದು ಪಾಂಡಿತ್ಯದ ಚಪಲವಷ್ಟೆ. ಪ್ರಯೋಗಾಲಯದಿಂದ ನೆಗೆಟಿವ್ ಎಂಬ ಚೀಟಿ ಬಂದಾಗ ಏನೋ ಕೆಟ್ಟದಾಯಿತೆಂದು ಮುಖ ಬಾಡಿಸುವವರೂ, ಪಾಸಿಟಿವ್ ಎಂದಾಗ ಹಿಗ್ಗುವವರೂ ಉಂಟು. ಇದೂ ಒಂದೆರಡು ಮಾತಿನಿಂದ ಸರಿಹೋಗತಕ್ಕದ್ದು. ಗ್ಯಾಸ್ಟ್ರಿಕ್ ಎಂಬ ಶಬ್ದದ ಕಥೆ ಹೀಗಲ್ಲ. ಜಠರಕ್ಕೆ ಸಂಬಂಧಪಟ್ಟದ್ದು ಎಂಬ ನಿರಪಾಯಕರವಾದ ಈ ವಿಶೇಷಣವು ನಮ್ಮ ಊರುಗಳಿಗೆ ಬಂದು ನಾಮಪದವಾಗಿ, ಎದೆಯಿಂದ ಹೊಕ್ಕುಳವರೆಗಿನ ಸಮಸ್ತ ಸಂಕಟಗಳಿಗೂ ಸಮಾಧಾನದ ಹೆಸರಾಯಿತು. ಎದೆ ಬಿಗಿದು, ಬೆವರು ಕಿತ್ತು, ಎಡದೋಳಿಗೆ ನೋವು ಹರಿಯುತ್ತಿರುವವನೂ “ಗ್ಯಾಸ್ಟ್ರಿಕ್ ಆಗೈತಿ, ಸ್ವಲ್ಪ ಸೋಡಾ ಕುಡದ್ರ ಹೋಕ್ಕೈತಿ” ಎಂದು ಕಟ್ಟೆಯ ಮೇಲೆ ಕುಳಿತುಬಿಡುತ್ತಾನೆ. ಹೃದಯಾಘಾತದಲ್ಲಿ ಮೊದಲ ಕೆಲವು ಗಂಟೆಗಳೊಳಗೆ ಚಿಕಿತ್ಸೆ ದೊರೆತರೆ ಹೃದಯದ ಸ್ನಾಯು ಉಳಿಯುವುದು. ಆ ಗಂಟೆಗಳನ್ನು ಒಂದು ಅರೆಗಲಿತ ಶಬ್ದವು ನುಂಗುವುದು ಸಾಮಾನ್ಯ ವಿಷಯವಲ್ಲ. ಹಳ್ಳಿಯವನಿಗೆ ಈ ಶಬ್ದವನ್ನು ಕಲಿಸಿದವರು ಯಾರು? ಬಂದವರಿಗೆಲ್ಲ ಅದೊಂದನ್ನೇ ಹೇಳಿ ಗುಳಿಗೆ ಕೊಟ್ಟು ಕಳುಹಿಸಿದ ನಾವು ಓದಿದವರೇ ಅಲ್ಲವೇ?

ಔಷಧದ ಚೀಟಿಯಲ್ಲಿಯೂ ಇಂತಹುದೇ ವಿಚಿತ್ರವುಂಟು. ಬಿ.ಡಿ., ಟಿ.ಡಿ.ಎಸ್., ಎಸ್.ಒ.ಎಸ್. ಎಂದು ಬರೆಯುವುದು ಇಂಗ್ಲಿಷೂ ಅಲ್ಲ, ಲ್ಯಾಟಿನಿನ ತುಣುಕುಗಳು. ದಿನಕ್ಕೆರಡು ಸಲ, ದಿನಕ್ಕೆ ಮೂರು ಸಲ, ಬೇಕೆನಿಸಿದಾಗ ಎಂದು ಅವುಗಳ ತಾತ್ಪರ್ಯ. ಇವುಗಳ ಬದಲು 1-0-1 ಎಂದು ಬರೆಯುವ ಪದ್ಧತಿ ಬಂದಮೇಲೆ ಅಕ್ಷರ ಬಾರದವರೂ ಅದನ್ನು ಓದಬಲ್ಲವರಾದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಯಾವ ಸಮಿತಿಯೂ ಕೂಡದೆ, ಯಾವ ನಿಘಂಟೂ ಅಚ್ಚಾಗದೆ ಆದ ಸುಧಾರಣೆಯಿದು. ದೇವದುರ್ಗದ ಅಂಗನವಾಡಿಗಳಲ್ಲಿ ಮಗುವಿನ ತೋಳಿಗೆ ಸುತ್ತುವ ಬಣ್ಣದ ಪಟ್ಟಿಯೂ ಇದೇ ಜಾತಿಯದು. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಮೆಯಿದ್ದರೆ ಕೆಂಪು, 12.5ರವರೆಗೆ ಹಳದಿ, ಅದಕ್ಕೆ ಮೇಲ್ಪಟ್ಟು ಹಸಿರು. ಕಾರ್ಯಕರ್ತೆಯು ತನ್ನ ವಹಿಯಲ್ಲಿ ತೀವ್ರ ಅಪೌಷ್ಟಿಕತೆಗೆ ಸ್ಯಾಮ್ ಎಂದೋ ಮಧ್ಯಮ ಅಪೌಷ್ಟಿಕತೆಗೆ ಮ್ಯಾಮ್ ಎಂದೋ ಬರೆದುಕೊಳ್ಳುವಳು. ತಾಯಿ ಆ ಅಕ್ಷರಗಳನ್ನಲ್ಲ, ಕೆಂಪನ್ನು ನೋಡಿ ಗಾಬರಿಯಾಗುವಳು. ನಂಜುಂಡಪ್ಪ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಸೇರಿಸಿದ ತಾಲೂಕಿನಲ್ಲಿ ಆ ಗಾಬರಿಗೆ ಬೆಲೆಯುಂಟು, ಮುಂದಿನ ಪ್ರಶ್ನೆಯನ್ನು ಕೇಳಿಸುವುದು ಅದೇ.

ಇತ್ತೀಚೆಗೆ ಮಾನ್ವಿ ಸೀಮೆಯ ಶುಶ್ರೂಷಾ ವಿದ್ಯಾರ್ಥಿನಿಯೊಬ್ಬಳ ನೋಟುಪುಸ್ತಕವನ್ನು ನೋಡುವ ಅವಕಾಶ ನಮಗೆ ಒದಗಿತು. ಎಲ್ಲರಂತೆ ಆಕೆಯೂ ಹಾಳೆಯನ್ನು ಗೆರೆಯೆಳೆದು ಭಾಗಿಸಿದ್ದಳು. ಆದರೆ ಎರಡು ಭಾಗವಲ್ಲ, ಮೂರು. ಮೊದಲನೆಯದರಲ್ಲಿ ಇಂಗ್ಲಿಷ್ ಶಬ್ದ, ಎರಡನೆಯದರಲ್ಲಿ ಪುಸ್ತಕದ ಕನ್ನಡ, ಮೂರನೆಯದರಲ್ಲಿ ತನ್ನ ಅವ್ವ ಅಜ್ಜಿಯರು ಆಡುವ ಮಾತು. ಥ್ರಾಬಿಂಗ್ ಎಂಬುದರೆದುರಿಗೆ ‘ಸಿಡಿಯೋದು’, ಶೂಟಿಂಗ್ ಎಂಬುದರೆದುರಿಗೆ ‘ಚಳಕು’, ಕಾಲಿಕ್ ಎಂಬುದರೆದುರಿಗೆ ‘ಹೊಟ್ಟಿ ನುಲಿಯೋದು’, ನಂಬ್‌ನೆಸ್ ಎಂಬುದರೆದುರಿಗೆ ‘ಜೋಮು’. ಉಸಿರಾಟದ ತೊಂದರೆಗೆ ಆಕೆ ‘ದಮ್ಮು ಹತ್ತೋದು’ ಎಂದು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ, ಬೀಡಿ ಸೇದುವುದೂ ದಮ್ಮೇ, ನೋಡಿ ಕೇಳಬೇಕು, ಎಂದು ಟಿಪ್ಪಣಿಯನ್ನೂ ಹಾಕಿಕೊಂಡಿದ್ದಳು. ನಮಗೆ ಈ ಟಿಪ್ಪಣಿಯು ಯಾವ ನಿಘಂಟುಕಾರನಿಗೂ ಸಲ್ಲುವ ಕೆಲಸವಾಗಿ ತೋರಿತು. ಪಠ್ಯಪುಸ್ತಕವು ನೋವನ್ನು ಉರಿಯುವುದೋ, ಇರಿಯುವುದೋ, ಹಿಂಡುವುದೋ, ಹರಿಯುವುದೋ ಎಂದು ವಿಭಾಗಿಸಿ ಕೇಳಬೇಕೆಂದು ವಿಧಿಸುತ್ತದೆ. ಯಾಕೆಂದರೆ ಪಿತ್ತಕೋಶದ ನೋವು ಒಂದು ಬಗೆ, ಮೂತ್ರಪಿಂಡದ ಕಲ್ಲಿನ ನೋವು ಇನ್ನೊಂದು ಬಗೆ. ಈ ಭೇದಗಳೆಲ್ಲವೂ ಆ ಹುಡುಗಿಯ ಅಜ್ಜಿಯ ಬಾಯಲ್ಲಿ ಆಗಲೇ ಸಿದ್ಧವಾಗಿವೆ. ಅವನ್ನು ಕೇಳಿಸಿಕೊಳ್ಳದೆ, ಬಂದವರದೆಲ್ಲವನ್ನೂ ಪೇನ್ ಅಬ್ಡೊಮೆನ್ ಎಂಬ ಒಂದೇ ಶೀರ್ಷಿಕೆಯ ಕೆಳಗೆ ತುಂಬಿಬಿಟ್ಟರೆ ಕಳೆದುಹೋಗುವುದು ಕನ್ನಡವಷ್ಟೇ ಅಲ್ಲ, ರೋಗನಿದಾನವೂ ಸಹ.

ಇನ್ನು ಸಹಿಯ ವಿಚಾರ. ಶಸ್ತ್ರಕ್ರಿಯೆಗೆ ಮುಂಚೆ ಒಪ್ಪಿಗೆಪತ್ರದ ಮೇಲೆ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳುವುದು ಎಲ್ಲ ಕಡೆಯೂ ನಡೆಯುತ್ತದೆ. ಪತ್ರವು ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. 2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ಸಂದರ್ಭದಲ್ಲಿ ಸ್ಮರಣೀಯವಾದುದು. ಹೊಟ್ಟೆಯೊಳಗನ್ನು ದರ್ಶಕದಿಂದ ನೋಡುವ ಪರೀಕ್ಷೆಗೆಂದು ಒಪ್ಪಿದ ಮಹಿಳೆಯ ಗರ್ಭಕೋಶವನ್ನೂ ಅಂಡಾಶಯಗಳನ್ನೂ ಆಕೆ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಒಂದಕ್ಕೆ ಕೊಟ್ಟ ಒಪ್ಪಿಗೆ ಮತ್ತೊಂದಕ್ಕೆ ಸಲ್ಲದೆಂದೂ, ಏನು, ಏಕೆ, ಬೇರೆ ದಾರಿಯೇನು, ಅಪಾಯವೇನು ಎಂಬುದನ್ನು ತಿಳಿಸಿ ಪಡೆದುದೇ ಒಪ್ಪಿಗೆಯೆಂದೂ ನ್ಯಾಯಾಲಯವು ನಿರ್ಣಯಿಸಿತು. ಕಲಬುರ್ಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಯಿತೆಂದು ಬೀದಿಗಿಳಿದುದನ್ನು ನಾವು ಮರೆತಿಲ್ಲ. ನಮ್ಮ ಊರುಗಳಲ್ಲಿ ಈ ಶಸ್ತ್ರಕ್ರಿಯೆಗೆ ‘ಚೀಲ ತೆಗಸೋದು’ ಎಂದು ಹೆಸರು. ಹಿಸ್ಟರೆಕ್ಟಮಿ ಎಂಬುದನ್ನು ಬಿಡಿಸಿ ಅರ್ಥಮಾಡಿಕೊಂಡ ದಾದಿಯು, “ಅವ್ವಾ, ಚೀಲ ತೆಗೀತಾರ, ಮತ್ತ ಮುಟ್ಟು ಬರಂಗಿಲ್ಲ, ಮಕ್ಕಳಾಗಂಗಿಲ್ಲ, ಗುಳಿಗಿಲೆ ಕಡಿಮಿ ಆಗತೈತೇನು ಅಂತ ಮೊದಲ ಡಾಕ್ಟರಿಗೆ ಕೇಳು” ಎಂದು ಹೇಳಬಲ್ಲಳಾದರೆ, ಆಕೆಯು ಅನುವಾದವನ್ನಲ್ಲ, ಕಾನೂನನ್ನು ನಡೆಸಿದಂತಾಯಿತು. ಹಾಗೆ ಹೇಳುವುದಕ್ಕೆ ಧೈರ್ಯವೂ ಬೇಕೆಂಬುದನ್ನು ನಾವು ಬಲ್ಲೆವು. ಶಬ್ದಜ್ಞಾನದಿಂದ ಅದು ತಾನಾಗಿ ಬರುವುದಿಲ್ಲ.

2022ರ ಮೇ ತಿಂಗಳಲ್ಲಿ ಏಮ್ಸ್ ಸಂಸ್ಥೆಯು ರಾಯಚೂರಿಗೇ ಬರಬೇಕೆಂದು ಆರಂಭವಾದ ಧರಣಿಯ ನ್ಯಾಯಬದ್ಧತೆಯ ವಿಷಯದಲ್ಲಿ ಈ ಪತ್ರಿಕೆಗೆ ಎರಡನೆಯ ಅಭಿಪ್ರಾಯವಿಲ್ಲ. ಬರುವ ಕಟ್ಟಡ ಬರಲಿ. ಅದು ಬರುವವರೆಗೆ ಕಾಯದೆ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಮುಂದಿನ ಸಂಚಿಕೆಯಿಂದ ಕೈಗೆತ್ತಿಕೊಳ್ಳುತ್ತಿದ್ದೇವೆ. ರಾಯಚೂರು, ಮಾನ್ವಿ, ದೇವದುರ್ಗಗಳ ಆಡುಮಾತಿನಲ್ಲಿ ನೋವಿಗೆ, ಕಾಯಿಲೆಗೆ, ಶರೀರದ ಅವಯವಗಳಿಗೆ ಇರುವ ಮಾತುಗಳನ್ನು ಓದುಗರು ಬರೆದು ಕಳುಹಿಸಬೇಕು. ಮಾತಿನ ಜೊತೆಗೆ ಊರಿನ ಹೆಸರೂ, ಅದನ್ನು ಯಾವ ಸಂದರ್ಭದಲ್ಲಿ ಆಡುವರೆಂಬುದೂ, ಹೇಳಿದವರು ಕೈಯನ್ನು ಎಲ್ಲಿಟ್ಟು ತೋರಿಸಿದರೆಂಬುದೂ ಇರಲಿ. ಹೇಳಿದವರ ಹೆಸರು ಬೇಡ. ವೈದ್ಯಮಿತ್ರರು ಅವುಗಳೆದುರಿಗೆ ಇಂಗ್ಲಿಷ್ ಶಬ್ದಗಳನ್ನು ಜೋಡಿಸಿಕೊಡಲು ಒಪ್ಪಿದ್ದಾರೆ. ಉರ್ದು, ತೆಲುಗು, ಲಂಬಾಣಿ ಮಾತುಗಳೂ ಬರಬಹುದು. ಅಚ್ಚಾದ ಹಾಳೆಗಳನ್ನು ಶುಶ್ರೂಷಾ ಶಾಲೆಗಳಿಗೆ ಉಚಿತವಾಗಿ ಕಳುಹಿಸಿಕೊಡಲಾಗುವುದು.