ಊನೋದರ: ತೂಕದ ಲೆಕ್ಕ, ತಪದ ಲೆಕ್ಕ

ದಶಲಕ್ಷಣ ಪರ್ವ ಸಮೀಪಿಸುತ್ತಿದೆ. ಕಳೆದ ಭಾನುವಾರ ಬಸದಿಯ ಪ್ರಾಂಗಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಈಗ ಅವನು ನಲವತ್ತು ದಾಟಿದ ಗೃಹಸ್ಥ. ನಗರದಲ್ಲಿ ದಿನವಿಡೀ ಕುಳಿತು ಮಾಡುವ ಉದ್ಯೋಗ. ನಮಸ್ಕರಿಸಿ, ಸಂಕೋಚದಿಂದಲೇ ಕೇಳಿದ: “ಸರ್, ಈ ಸಲ ಹತ್ತು ದಿನವೂ ಉಪವಾಸ ಮಾಡಬೇಕೆಂದಿದ್ದೇನೆ. ಎಷ್ಟು ಕೆ.ಜಿ. ಇಳಿಯಬಹುದು?”

ಬಳಿಯಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದಿದ್ದರೂ ಒಂದು ಕಾಲಕ್ಕೆ ನಾನೇ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವನು.

ಅವನು ತನ್ನ ಎರಡು ವರ್ಷಗಳ ಕಥೆ ಹೇಳಿದ. ಮೊದಲು ಅನ್ನವನ್ನು ಪೂರ್ತಿ ಬಿಟ್ಟನಂತೆ. ಆಮೇಲೆ ‘ಕೀಟೋ’ ಎಂಬ ಕ್ರಮ ಹಿಡಿದು ಪನೀರು, ಬೆಣ್ಣೆ, ಬಾದಾಮಿಗಳಲ್ಲೇ ದಿನ ಕಳೆದನಂತೆ. ಅನಂತರ ಹದಿನಾರು ಗಂಟೆ ಏನೂ ತಿನ್ನದೆ ಎಂಟು ಗಂಟೆಯೊಳಗೆ ಊಟ ಮುಗಿಸುವ ಪದ್ಧತಿ. ಪ್ರತಿ ಬಾರಿಯೂ ತೂಕ ಇಳಿದದ್ದು ನಿಜ. ಕೆಲವು ತಿಂಗಳಲ್ಲಿ ಅದು ಮರಳಿ ಬಂದದ್ದೂ ನಿಜ. ವೈದ್ಯರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದಿದ್ದಾರೆ. ಅವನ ತಂದೆ ಅದೇ ಕಾಯಿಲೆಯಿಂದ ನರಳಿದ್ದನ್ನು ನಾನೂ ಕಂಡಿದ್ದೇನೆ. ಆದ್ದರಿಂದ ಅವನ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಹೊಟ್ಟೆಯ ಸುತ್ತ ಸಂಗ್ರಹವಾಗುವ ಕೊಬ್ಬು ಈ ಕಾಯಿಲೆಗೆ ದಾರಿಮಾಡುವ ಕಾರಣಗಳಲ್ಲೊಂದು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ. ನಾವು ಶಾಕಾಹಾರಿಗಳು, ನಮಗೇನು ಭಯ ಎಂಬ ಸಮಾಧಾನ ಇಲ್ಲಿ ಸಲ್ಲದು. ತುಪ್ಪದ ಹೋಳಿಗೆಯೂ ಕರಿದ ಕೋಡುಬಳೆಯೂ ಶಾಕಾಹಾರವೇ. ಆಹಾರ ಶುದ್ಧವಾಗಿದ್ದ ಮಾತ್ರಕ್ಕೆ ಮಿತವಾಗಿದೆ ಎಂದು ಅರ್ಥವಲ್ಲ.

ಹಾಗಾದರೆ ಯಾವ ಕ್ರಮ ಹಿಡಿಯಬೇಕು? ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆಯಿರುವ ಆಹಾರವನ್ನೂ ಇನ್ನೊಂದಕ್ಕೆ ಪಿಷ್ಟ ಕಡಿಮೆಯಿರುವ ಆಹಾರವನ್ನೂ ಸೂಚಿಸಿ ಒಂದು ವರ್ಷ ಗಮನಿಸಿದರು. 2018ರಲ್ಲಿ ಫಲಿತಾಂಶ ಹೊರಬಂತು. ಮೊದಲ ಗುಂಪು ಸರಾಸರಿ 5.3 ಕೆ.ಜಿ., ಎರಡನೆಯದು 6 ಕೆ.ಜಿ. ಇಳಿದಿತ್ತು. ಅದು ಗಣನೀಯ ವ್ಯತ್ಯಾಸವಲ್ಲ ಎಂಬುದೇ ಅವರ ತೀರ್ಮಾನ. ಎರಡೂ ಗುಂಪುಗಳಲ್ಲಿ ಬಹಳ ಇಳಿದವರೂ ಇದ್ದರು, ಏರಿದವರೂ ಇದ್ದರು. ಅದಕ್ಕೂ ಮೊದಲು, 2005ರಲ್ಲಿ, ಬಾಸ್ಟನ್ ನಗರದಲ್ಲಿ 160 ಮಂದಿಯ ಮೇಲೆ ನಾಲ್ಕು ಪ್ರಸಿದ್ಧ ಆಹಾರಕ್ರಮಗಳನ್ನು ಪರೀಕ್ಷಿಸಿದವರು ಕಂಡದ್ದು ಇದು: ಯಾವ ಕ್ರಮ ಹಿಡಿದರು ಎಂಬುದಕ್ಕಿಂತ, ಹಿಡಿದದ್ದನ್ನು ಎಷ್ಟು ನಿಷ್ಠೆಯಿಂದ ನಡೆಸಿದರು ಎಂಬುದರ ಮೇಲೆ ಫಲ ನಿಂತಿತ್ತು.

ಈ ಮಾತು ಜೈನ ಶ್ರಾವಕನಿಗೆ ಹೊಸದಾಗಿ ತೋರಬಾರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಕಾಲದ ಮಿತಿಯಿಟ್ಟುಕೊಂಡು ಮಾಡುವುದು ನಿಯಮ. ಜೀವನಪರ್ಯಂತ ಪಾಲಿಸುವುದು ಯಮ. ಒಂದು ದಿನ, ಒಂದು ಪಕ್ಷ, ಒಂದು ಋತು ಬಿಡುವುದು ನಿಯಮವಾಯಿತು. ಅದಕ್ಕೆ ಆರಂಭವಿರುವಂತೆ ಮುಕ್ತಾಯವೂ ಇದೆ. ನನ್ನ ವಿದ್ಯಾರ್ಥಿ ಹಿಡಿದದ್ದೆಲ್ಲ ನಿಯಮಗಳು. ಅವನು ನಿರೀಕ್ಷಿಸಿದ್ದು ಯಮದ ಫಲವನ್ನು. ಮೂರು ತಿಂಗಳ ಕ್ರಮದಿಂದ ಮೂವತ್ತು ವರ್ಷಗಳ ಫಲ ಬೇಡಿದರೆ ದೊರೆಯುವುದು ಹೇಗೆ? ಶಾಶ್ವತವಾಗಿ ತೂಕ ಇಳಿಸಬೇಕೆಂದರೆ ಶಾಶ್ವತವಾಗಿ ನಡೆಸಬಲ್ಲ ಆಹಾರಕ್ರಮವನ್ನೇ ಆರಿಸಬೇಕು. ಯಾವುದೇ ಕ್ರಮವನ್ನು ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ಬೇಗ ಇಳಿಯುತ್ತದೆ’ ಎಂಬುದಲ್ಲ, ‘ಎಪ್ಪತ್ತನೆಯ ವಯಸ್ಸಿನಲ್ಲೂ ನಾನು ಹೀಗೆಯೇ ಉಣ್ಣಬಲ್ಲೆನೆ’ ಎಂಬುದು.

ಅಂಥ ಕ್ರಮದ ಬೀಜ ನಮ್ಮ ಪರಂಪರೆಯಲ್ಲೇ ಇದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರಕ್ಕೆ ಹತ್ತು ಅಧ್ಯಾಯಗಳು; ಪರ್ವದಲ್ಲಿ ದಿನಕ್ಕೊಂದರಂತೆ ನಾವು ಅವನ್ನು ಕೇಳುತ್ತೇವೆ. ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಆರು ಬಾಹ್ಯ ತಪಗಳಲ್ಲಿ ಮೊದಲ ನಾಲ್ಕು ಆಹಾರಕ್ಕೆ ಸಂಬಂಧಿಸಿದವು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ. ಅನಶನವೆಂದರೆ ಉಣ್ಣದಿರುವುದು. ಅವಮೌದರ್ಯವನ್ನೇ ನಾವು ಊನೋದರ ಎನ್ನುತ್ತೇವೆ. ಹೊಟ್ಟೆ ತುಂಬುವ ಮೊದಲೇ ಏಳುವುದು. ವೃತ್ತಿಪರಿಸಂಖ್ಯಾನ ಮುನಿಗಳಿಗೆ ಆಹಾರಚರ್ಯೆಯ ಮನೆ, ಬೀದಿ ಮೊದಲಾದವುಗಳ ಮಿತಿ. ಅದರ ಛಾಯೆಯಾಗಿ ‘ಇಂದು ಇಷ್ಟೇ ಪದಾರ್ಥ’ ಎಂದು ಎಣಿಸಿ ಉಣ್ಣುವ ಶ್ರಾವಕರಿದ್ದಾರೆ. ರಸಪರಿತ್ಯಾಗವೆಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಇವುಗಳಲ್ಲಿ ಒಂದನ್ನೋ ಕೆಲವನ್ನೋ ಬಿಡುವುದು.

ಇವುಗಳಲ್ಲಿ ಅನಶನವೇ ಕಠಿಣವೆಂದು ನಾವು ಭಾವಿಸುತ್ತೇವೆ. ಅನುಭವ ಬೇರೆಯದನ್ನೇ ಹೇಳುತ್ತದೆ. ಉಪವಾಸದ ದಿನ ಮನಸ್ಸು ಒಂದೇ ಒಂದು ಬಾರಿ ನಿರ್ಧರಿಸಿದರೆ ಸಾಕು. ಎಲೆಯೇ ಮುಂದೆ ಬರುವುದಿಲ್ಲ. ಊನೋದರದಲ್ಲಾದರೋ ಎಲೆ ಮುಂದಿದೆ, ಹುಳಿಯ ಪರಿಮಳವಿದೆ, ಬಡಿಸುವ ಕೈ ಸಿದ್ಧವಾಗಿದೆ, ತುತ್ತುತುತ್ತಿಗೂ ನಿರ್ಧರಿಸಬೇಕು. ಪುರುಷನ ಪೂರ್ಣಾಹಾರ ಮೂವತ್ತೆರಡು ತುತ್ತು, ಸ್ತ್ರೀಯದು ಇಪ್ಪತ್ತೆಂಟು ಎಂದು ಆಚಾರಗ್ರಂಥಗಳು ಎಣಿಸಿಟ್ಟಿವೆ. ಅದರಿಂದ ಒಂದೇ ತುತ್ತು ಕಡಿಮೆ ಮಾಡಿದರೂ ಅದು ಊನೋದರವೇ. ಒಂದು ತುತ್ತಿಗೂ ತಪವೆಂಬ ಗೌರವ ಕೊಟ್ಟ ಆಚಾರ್ಯರು ಮನುಷ್ಯಸ್ವಭಾವವನ್ನು ಬಲ್ಲವರಾಗಿದ್ದರು.

ಈಗ ನನ್ನ ತಪ್ಪೊಪ್ಪಿಗೆ. ಎಂಟು ವರ್ಷಗಳ ಹಿಂದೆ, ನಿವೃತ್ತಿಯಾದ ವರ್ಷ, ನನ್ನ ತೂಕ 84 ಕೆ.ಜಿ. ಇತ್ತು. ಹತ್ತು ಕೆ.ಜಿ.ಯಾದರೂ ಇಳಿಸಿ ಎಂದು ವೈದ್ಯರು ಹೇಳಿದ್ದರು. ಪರ್ವ ಬಂತು. ಒಂದು ದಿನ ಉಪವಾಸ, ಮರುದಿನ ಏಕಭುಕ್ತ ಎಂದು ಜಿನಬಿಂಬದ ಮುಂದೆ ಸಂಕಲ್ಪ ಮಾಡಿದೆ. ಮನೆಗೆ ಬಂದು ತೂಕದ ಯಂತ್ರವನ್ನು ಹೊರತೆಗೆದಿಟ್ಟೆ. ಉತ್ತಮ ಮಾರ್ದವದ ದಿನ ನನ್ನ ಉಪವಾಸದ ಸುದ್ದಿಯನ್ನು ನಾಲ್ವರಿಗೆ ಹೇಳಿದೆ. ಲೋಭವನ್ನು ತೊಳೆದುಕೊಳ್ಳಬೇಕಾದ ಉತ್ತಮ ಶೌಚದ ದಿನ ಎರಡು ಬಾರಿ ಯಂತ್ರದ ಮೇಲೆ ನಿಂತೆ. ಏಕಭುಕ್ತದ ದಿನ ಊಟ ಹತ್ತು ನಿಮಿಷ ತಡವಾಯಿತೆಂದು ಮನೆಯವಳ ಮೇಲೆ ರೇಗಿದೆ. ಹತ್ತು ದಿನಗಳಲ್ಲಿ ನಾಲ್ಕು ಕೆ.ಜಿ. ಇಳಿಯಿತು, ಜನ ಹೊಗಳಿದರು. ಪಾರಣೆಯ ದಿನ ಹಾಲುಹೋಳಿಗೆ, ಮರುದಿನ ಬಂಧುಗಳ ಮನೆಯ ಊಟ, ಹೀಗೆ ಸಾಗಿ ದೀಪಾವಳಿಯ ಹೊತ್ತಿಗೆ ಯಂತ್ರ 85 ತೋರಿಸಿತು.

ಆ ವರ್ಷ ನಮ್ಮೂರಿನಲ್ಲಿ ಮುನಿಗಳೊಬ್ಬರ ಚಾತುರ್ಮಾಸವಿತ್ತು. ಅವರ ಬಳಿ ನಡೆದದ್ದನ್ನೆಲ್ಲ ಹೇಳಿಕೊಂಡೆ. ದಿನಕ್ಕೊಮ್ಮೆ ನಿಂತು ಕರಪಾತ್ರದಲ್ಲಿ ಆಹಾರ ಸ್ವೀಕರಿಸುವ ಅವರು ಶಾಂತವಾಗಿ ಕೇಳಿದರು: “ಮೇಷ್ಟ್ರೇ, ಹತ್ತು ದಿನ ಹಸಿದಿದ್ದಿರಿ, ಸರಿ. ಉಪವಾಸ ಯಾವಾಗ ಮಾಡುತ್ತೀರಿ?”

ಉಪವಾಸವೆಂದರೆ ಸಮೀಪದಲ್ಲಿ ವಾಸ, ಆತ್ಮದ ಸಮೀಪದಲ್ಲಿ. ನಾನು ವಾಸ ಮಾಡಿದ್ದು ತೂಕದ ಯಂತ್ರದ ಸಮೀಪದಲ್ಲಿ. ತಪಕ್ಕೆ ಲೌಕಿಕ ಫಲವನ್ನು ಬಯಸುವುದಕ್ಕೆ ನಮ್ಮಲ್ಲಿ ನಿದಾನವೆಂದು ಹೆಸರು. ಮಾಯೆ, ಮಿಥ್ಯಾತ್ವಗಳೊಡನೆ ಅದನ್ನೂ ಶಲ್ಯವೆಂದು, ಅಂದರೆ ಒಳಗೆ ನೆಟ್ಟ ಮುಳ್ಳೆಂದು ಎಣಿಸಲಾಗಿದೆ. ಮುಳ್ಳು ತೆಗೆಯದವನು ವ್ರತಿ ಎನಿಸಿಕೊಳ್ಳುವುದಿಲ್ಲ. ಹಾಗೆಂದು ಆರೋಗ್ಯಕ್ಕಾಗಿ ತೂಕ ಇಳಿಸುವುದು ದೋಷವೇ? ಅಲ್ಲ. ಅದು ಪಥ್ಯ, ಧರ್ಮಸಾಧನವಾದ ಶರೀರಕ್ಕೆ ನಾವು ಸಲ್ಲಿಸಬೇಕಾದ ಕರ್ತವ್ಯ. ಪಥ್ಯಕ್ಕೆ ತಪವೆಂಬ ಹೆಸರಿಟ್ಟು ಹೊಗಳಿಕೆ ಪಡೆಯುವುದು ಮಾತ್ರ ದೋಷ. ಅಂಕಕ್ಕಾಗಿಯೇ ಓದಿದ ಮಗು ಪರೀಕ್ಷೆಯ ಮರುದಿನ ಪಾಠ ಮರೆಯುತ್ತದೆ. ತಿಳಿಯಬೇಕೆಂದು ಓದಿದ ಮಗುವಿಗೆ ಅಂಕವೂ ಬರುತ್ತದೆ, ಪಾಠವೂ ಉಳಿಯುತ್ತದೆ. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಇದನ್ನು ಕಂಡಿದ್ದ ನನಗೆ ನನ್ನ ಎಲೆಯ ಮುಂದೆ ಅದು ಹೊಳೆಯಲಿಲ್ಲ.

ಮುನಿಗಳು ನನಗೆ ಕೊಟ್ಟದ್ದು ಒಂದೇ ನಿಯಮ: “ಇನ್ನೂ ಸ್ವಲ್ಪ ಹಸಿವಿರುವಾಗಲೇ ಕೈ ತೊಳೆಯಿರಿ. ಒಂದು ತಿಂಗಳು ಮಾಡಿ ಬನ್ನಿ.” ಎರಡು ಮುದ್ದೆ ಒಂದಾಯಿತು, ಅನ್ನವನ್ನು ಎರಡನೆಯ ಸಲ ಬಡಿಸಿಕೊಳ್ಳುವುದು ನಿಂತಿತು, ಎಲೆಯಲ್ಲಿ ಪಲ್ಯ, ಕೋಸಂಬರಿ ಹೆಚ್ಚಿದವು. ಮನೆಯವಳು ಮೊದಮೊದಲು “ಅಡುಗೆ ಚೆನ್ನಾಗಿಲ್ಲವೇ?” ಎಂದು ನೊಂದುಕೊಂಡಳು, ಆಮೇಲೆ ತಾನೂ ಜೊತೆಗೂಡಿದಳು. ತಿಂಗಳು ವರ್ಷವಾಯಿತು. ಮೊದಲ ವರ್ಷ ಇಳಿದದ್ದು ನಾಲ್ಕೇ ಕೆ.ಜಿ.; ಮೂರು ವರ್ಷಗಳಲ್ಲಿ ಒಂಬತ್ತು. ಬೆಳಗಿನ ನಡಿಗೆಯೂ ಸೇರಿತ್ತು. ಅಂದಿನಿಂದ ಒಂದೆರಡು ಕೆ.ಜಿ. ಅತ್ತಿತ್ತ ಆಗಿದೆ, ಅಷ್ಟೇ. ಹತ್ತು ದಿನಗಳಲ್ಲಿ ಕಂಡಷ್ಟನ್ನೇ ಕಾಣಲು ವರ್ಷ ಹಿಡಿಯಿತು. ಆದರೆ ಅದು ಮರಳಿ ಬರಲಿಲ್ಲ.

ಹಸಿವನ್ನು ಬಲವಂತದಿಂದ ಹತ್ತಿಕ್ಕಿದರೆ ಅದು ಸೇಡು ತೀರಿಸಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಸ್ವಇಚ್ಛೆಯಿಂದ ಮುಂದೆ ಬಂದ 36 ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆಯ ಆಹಾರ ಕೊಟ್ಟು ನೋಡಿದರು. ಆರೋಗ್ಯವಂತರಾಗಿದ್ದ ಅವರು ಸಿಡುಕರಾದರು, ಖಿನ್ನರಾದರು, ಹಗಲಿರುಳು ಆಹಾರವನ್ನೇ ಧ್ಯಾನಿಸಿದರು. ನಿರ್ಬಂಧ ತೆಗೆದ ಮೇಲೆ ಹಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ‘ಶಕ್ತಿತಃ’ ಎಂಬ ವಿಶೇಷಣ ಸೇರಿರುವುದು ಸುಮ್ಮನೆ ಅಲ್ಲ. ಶಕ್ತಿಯನ್ನು ಮುಚ್ಚಿಡಬಾರದು, ಮೀರಲೂಬಾರದು.

ಸಮಂತಭದ್ರರ ಬಗ್ಗೆಯೇ ಪರಂಪರೆಯಲ್ಲಿ ಒಂದು ಕಥೆಯಿದೆ. ಎಷ್ಟು ಉಂಡರೂ ತಣಿಯದ ಭಸ್ಮಕ ವ್ಯಾಧಿ ಅವರಿಗೆ ತಗಲಿತು. ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಕೊಡಲಿಲ್ಲ. ವ್ಯಾಧಿಯನ್ನು ಮೊದಲು ಪರಿಹರಿಸಿಕೊಂಡು ಬಾ ಎಂದರು. ಅವರು ಹಾಗೆಯೇ ಮಾಡಿ, ಗುಣವಾದ ಮೇಲೆ ಮರಳಿ ದೀಕ್ಷೆ ಪಡೆದರು. ಹಸಿವಿನ ಕಾಯಿಲೆಯನ್ನು ಕಾಯಿಲೆಯೆಂದೇ ಕಂಡ ಆ ಗುರುವಿನ ವಿವೇಕ ನಮಗೂ ಬೇಕು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ವೈದ್ಯರನ್ನು ಕೇಳದೆ ಸಂಕಲ್ಪ ಮಾಡಬಾರದು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ತೂಕದ ಆಸೆಗೆ ಹಸಿದಿರಬಾರದು. ಇನ್ನೊಂದು ಮಾತು: ದೇಹ ದಪ್ಪಗಿರುವವರೆಲ್ಲ ಜಿಹ್ವಾಲೋಲರಲ್ಲ. ವಂಶ, ಥೈರಾಯ್ಡ್, ಕೆಲವು ಔಷಧಿಗಳು ಕೂಡ ತೂಕ ಏರಿಸುತ್ತವೆ. ಪಂಕ್ತಿಯಲ್ಲಿ ಕುಳಿತವರ ಎಲೆಯನ್ನೂ ಹೊಟ್ಟೆಯನ್ನೂ ನೋಡಿ ಹಾಸ್ಯ ಮಾಡುವುದು ವಚನದಿಂದ ಮಾಡುವ ಹಿಂಸೆ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ಜೀವದಯೆಗಾಗಿ. ಎಂಟು ಗಂಟೆಯ ಹೊಸ ಪದ್ಧತಿಗಿಂತ ನಮ್ಮದು ಹಳೆಯದೆಂದು ಬೀಗುವುದಕ್ಕಲ್ಲ. ಆದರೆ ಅದನ್ನು ಪಾಲಿಸುವ ಮನೆಯಲ್ಲಿ ರಾತ್ರಿ ಹತ್ತರ ಕುರುಕಲು ತಿಂಡಿ ತಾನಾಗಿ ಇಲ್ಲವಾಗುತ್ತದೆ. ಹಾಗೆಯೇ ಪದಾರ್ಥಗಳನ್ನು ಎಣಿಸಿ ಉಣ್ಣುವವನಿಗೆ ಹತ್ತು ಬಗೆಯ ರುಚಿ ನೋಡುವ ನೆಪದಲ್ಲಿ ಎರಡು ಊಟ ಉಣ್ಣುವ ಪ್ರಸಂಗವೇ ಬರುವುದಿಲ್ಲ. ವಾರಕ್ಕೊಂದು ದಿನ ಸಿಹಿಯನ್ನೋ ಎಣ್ಣೆಯನ್ನೋ ಬಿಡುವವನು ನಾಲಿಗೆಗೆ ‘ಬೇಡ’ ಎಂಬ ಮಾತು ಕಲಿಸುತ್ತಾನೆ. ಇವೆಲ್ಲವೂ ಚಿಕ್ಕವು, ಆದುದರಿಂದಲೇ ಬಾಳುವವು.

ಸಮಾಜದ ಹಿರಿಯರಲ್ಲಿಯೂ ಒಂದು ವಿನಂತಿ. ಪರ್ವ ಮುಗಿದೊಡನೆ ಪಾರಣೆಯ ಹೆಸರಿನಲ್ಲಿ ನಾವು ಏರ್ಪಡಿಸುವ ಭಾರೀ ಔತಣಗಳನ್ನು ಈ ವರ್ಷ ಸರಳಗೊಳಿಸೋಣ. ಗಂಜಿ, ಹೆಸರುಬೇಳೆ, ಒಂದು ಪಲ್ಯ ಸಾಕು. ಹತ್ತು ದಿನ ಕಟ್ಟಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕೆಡವಿಸುವುದು ವಾತ್ಸಲ್ಯವಲ್ಲ.

ನನ್ನ ವಿದ್ಯಾರ್ಥಿಗೆ ಇಷ್ಟನ್ನೂ ಹೇಳಿ ಕೊನೆಗೆ ಕೇಳಿದೆ: “ಹತ್ತು ದಿನದ ಉಪವಾಸ ಬೇಕೋ, ಹತ್ತು ವರ್ಷದ ಊನೋದರ ಬೇಕೋ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಸರ್, ವೈದ್ಯರನ್ನು ಕೇಳಿ ಚತುರ್ದಶಿಯ ಒಂದು ದಿನ ಉಪವಾಸ ಮಾಡುತ್ತೇನೆ. ಆ ದಿನ ತೂಕ ನೋಡುವುದಿಲ್ಲ. ಉಳಿದದ್ದನ್ನು ಇವತ್ತಿನ ಊಟದಿಂದಲೇ ಶುರು ಮಾಡುತ್ತೇನೆ.”

ಅಂದು ಬಸದಿಯಲ್ಲಿ ಊಟವಿತ್ತು. ಪಾಯಸ ಎರಡನೆಯ ಸಲ ಬಂದಾಗ ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿದದ್ದನ್ನು ಕಂಡೆ. ಅದು ಅವನ ಮೊದಲ ತುತ್ತಿನ ತಪ.