ಸೋತವರಿಗೆ ಹಣೆಪಟ್ಟಿ ಬೇಡ, ನೋಡುಗರಿಗೆ ವಿವರಣೆ ಬೇಕು

2023ರ ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ ಗಾಲ್ಫ್‌ನ ಕೊನೆಯ ಸುತ್ತಿಗೆ ಇಳಿಯುವಾಗ ಬೆಂಗಳೂರಿನ ಅದಿತಿ ಅಶೋಕ್ ಏಳು ಹೊಡೆತಗಳಷ್ಟು ಮುಂದಿದ್ದರು. ಹಿಂದಿನ ದಿನ 61 ಹೊಡೆತಗಳಲ್ಲಿ ಸುತ್ತು ಮುಗಿಸಿದ್ದವರಿಗೆ ಅಂದು 77 ಬೇಕಾದವು. ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್ ಚಿನ್ನ ಗೆದ್ದರು. ಅದಿತಿಗೆ ಸಿಕ್ಕಿದ್ದು ಬೆಳ್ಳಿ. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರು ಗೆದ್ದ ಮೊದಲ ಪದಕ.

ಇಂಥ ಸೋಲು ಕಂಡಾಗ ವೀಕ್ಷಕ ವಿವರಣೆಗಾರರ ಬಾಯಿಗೂ ಕ್ರೀಡಾಪುಟದ ತಲೆಬರಹಕ್ಕೂ ಮೊದಲು ಬರುವ ಮಾತು ‘ಒತ್ತಡಕ್ಕೆ ಮಣಿದರು’. ಅದು ಆಟಗಾರನ ಬಗ್ಗೆ ತೀರ್ಪು ಕೊಡುತ್ತದೆಯೇ ಹೊರತು ಮೈದಾನದಲ್ಲಿ ನಡೆದದ್ದೇನೆಂದು ಹೇಳುವುದಿಲ್ಲ.

ಗಾಲ್ಫ್‌ನ ಒತ್ತಡ ಹುಟ್ಟುವುದೇ ಆ ಆಟದ ರಚನೆಯಿಂದ. ಕಬಡ್ಡಿಯ ಒಂದು ರೇಡ್‌ಗೆ ಇರುವುದು 30 ಸೆಕೆಂಡು, ಅಲ್ಲಿ ಹೆದರಲೂ ಪುರಸೊತ್ತಿಲ್ಲ. ಗಾಲ್ಫ್‌ನ ನಾಲ್ಕೈದು ಗಂಟೆಗಳಲ್ಲಿ ಕ್ಲಬ್ಬು ಚೆಂಡಿಗೆ ತಾಗುವ ಹೊತ್ತು ತೀರಾ ಕಡಿಮೆ. ಉಳಿದದ್ದೆಲ್ಲ ನಡಿಗೆ, ಕಾಯುವುದು, ಲೆಕ್ಕ ಹಾಕುವುದು. ಮನಸ್ಸು ತನ್ನ ಕೈಯನ್ನೇ ಅನುಮಾನದಿಂದ ನೋಡತೊಡಗುವುದು ಆ ಬಿಡುವಿನಲ್ಲೇ. ಅಮೆರಿಕದ ಮನೋವಿಜ್ಞಾನಿಗಳಾದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಪಟ್ ಮಾಡುವುದು, ಅಂದರೆ ಚೆಂಡನ್ನು ಮೆಲ್ಲನೆ ಕುಳಿಯತ್ತ ಉರುಳಿಸುವುದು, ಅಭ್ಯಾಸವಾಗಿ ಕೈಗೆ ಹತ್ತಿದ ಮೇಲೆ, ಒತ್ತಡದ ಹೊತ್ತಿನಲ್ಲಿ ಅದನ್ನು ಹಂತ ಹಂತವಾಗಿ ಗಮನಿಸಲು ಹೋದರೆ ಗುರಿ ತಪ್ಪುತ್ತದೆ. ಮೊದಲಿನಿಂದಲೂ ಕ್ಯಾಮೆರಾದ ಎದುರು ಅಭ್ಯಾಸ ಮಾಡಿದವರು ಮಾತ್ರ ಒತ್ತಡದಲ್ಲೂ ಕುಸಿಯಲಿಲ್ಲ. ಅಂದರೆ ಒತ್ತಡ ತಾಳುವುದನ್ನು ಕಲಿಯಬಹುದು, ಕಲಿಸಬಹುದು. ಅದನ್ನು ಹುಟ್ಟುಗುಣವೆಂಬಂತೆ ಮಾತಾಡುವುದು ತಪ್ಪು.

ಹಾಗೆ ಕಲಿಸಿದ ಜಾಗವೊಂದು ಬಿಡದಿಯಲ್ಲೇ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಗಾಲ್ಫ್ ರೆಸಾರ್ಟ್ ಈಗಲ್‌ಟನ್ ಹೆಸರು ಕನ್ನಡಿಗರಿಗೆ ಪರಿಚಯವಾದದ್ದು ಶಾಸಕರ ರೆಸಾರ್ಟ್ ವಾಸ್ತವ್ಯದಿಂದ. ಆದರೆ ಅದಕ್ಕೆ ಹೊಂದಿಕೊಂಡಿರುವ ರಂಗೇನಹಳ್ಳಿಯ ಎಸ್. ಚಿಕ್ಕರಂಗಪ್ಪ ಬಾಲ್ಯದಲ್ಲಿ ಚೆಂಡು ಹೆಕ್ಕಿಕೊಡುತ್ತಾ ಗಾಲ್ಫ್ ಕಂಡದ್ದೂ, ಕೋಚ್ ವಿಜಯ್ ದಿವೇಚಾ ಅವರ ಕೈಯಲ್ಲಿ ಪಳಗಿದ್ದೂ ಅಲ್ಲೇ. ವೃತ್ತಿಪರರಾದ ಮೇಲೆ ಅವರು ದೇಶದ ಟೂರ್‌ನಲ್ಲಿ ಹಲವು ಪ್ರಶಸ್ತಿ ಗೆದ್ದರು, ಏಷ್ಯನ್ ಟೂರ್‌ನಲ್ಲೂ ಆಡಿದರು. ಸುತ್ತಲಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಕಥೆ ಗೊತ್ತು?

ದಿವೇಚಾ ಅವರ ಇನ್ನೊಬ್ಬ ಶಿಷ್ಯ ಅನಿರ್ಬನ್ ಲಾಹಿರಿ. 2015ರ ಪ್ರೆಸಿಡೆಂಟ್ಸ್ ಕಪ್‌ನ ಕೊನೆಯ ದಿನ ಅಮೆರಿಕ ತಂಡದ ಕ್ರಿಸ್ ಕಿರ್ಕ್ ವಿರುದ್ಧ 18ನೇ ಕುಳಿಗೆ ಬಂದಾಗ ಇಬ್ಬರೂ ಸಮಸಮ. ಕಿರ್ಕ್ ದೂರದ ಪಟ್ ಹಾಕಿದರು. ಲಾಹಿರಿ ಹತ್ತಿರದ್ದನ್ನು ತಪ್ಪಿಸಿಕೊಂಡರು. ಅವರ ತಂಡ 14½–15½ರಿಂದ ಸೋತಿತು. ಆ ಒಂದು ಪಟ್ಟನ್ನು ಟಿ.ವಿ. ಮತ್ತೆ ಮತ್ತೆ ತೋರಿಸಬಹುದು. ಆದರೆ ಅದೇ ವರ್ಷ ಅವರು ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಐದನೇ ಸ್ಥಾನ ಹಂಚಿಕೊಂಡಿದ್ದರು. 2022ರ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಕ್ಯಾಮರಾನ್ ಸ್ಮಿತ್‌ಗಿಂತ ಒಂದೇ ಹೊಡೆತ ಹಿಂದೆ ಬಿದ್ದು ಎರಡನೆಯವರಾದರು. ಒತ್ತಡಕ್ಕೆ ಹೆದರುವವರು ಅಲ್ಲಿಯತನಕ ಬರುವುದಿಲ್ಲ.

ಟೋಕಿಯೊ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. 2021ರ ಆಗಸ್ಟ್ 7ರ ಬೆಳಿಗ್ಗೆ, ಗಾಲ್ಫ್ ಗೊತ್ತಿಲ್ಲದವರೂ ಟಿ.ವಿ. ಮುಂದೆ ಕೂತಿದ್ದರು. ವಿಶ್ವ ಕ್ರಮಾಂಕದಲ್ಲಿ 200ನೆಯವರಾಗಿದ್ದ ಅದಿತಿ 67, 66, 68, 68ರೊಂದಿಗೆ 269 ಹೊಡೆತಗಳಲ್ಲಿ ನಾಲ್ಕನೆಯವರಾದರು. ಚಿನ್ನ ಗೆದ್ದ ನೆಲ್ಲಿ ಕೋರ್ಡಾಗೆ 267. ಬೆಳ್ಳಿ, ಕಂಚು ಪಡೆದವರಿಗೆ 268. ಕೆಲವೇ ತಿಂಗಳ ಹಿಂದೆ ಕೋವಿಡ್‌ನಿಂದ ಬಳಲಿದ್ದ ಅದಿತಿಯ ಹೊಡೆತ ಉಳಿದವರಷ್ಟು ದೂರ ಹೋಗುತ್ತಿರಲಿಲ್ಲ. ಆ ಕೊರತೆಯನ್ನು ಅವರು ತುಂಬಿಕೊಂಡದ್ದು ಪಟ್ಟಿಂಗ್‌ನಿಂದ. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರಿದ್ದರೆ, ಒಂದು ಹೊಡೆತದಿಂದ ಪದಕ ತಪ್ಪಿದ್ದರ ಜೊತೆಗೆ ಆಕೆ ಅಷ್ಟು ಹತ್ತಿರ ಬಂದದ್ದು ಹೇಗೆಂಬುದೂ ಜನರಿಗೆ ತಿಳಿಯುತ್ತಿತ್ತು.

ಕ್ರಿಕೆಟ್, ಕಬಡ್ಡಿಗೆ ಕನ್ನಡ ವೀಕ್ಷಕ ವಿವರಣೆ ಬಂದಿದೆ. ಗಾಲ್ಫ್‌ಗೂ ಬರಬೇಕು. ಗ್ರೀನ್ (ಕುಳಿಯ ಸುತ್ತಲಿನ ಹುಲ್ಲುಹಾಸು) ಎತ್ತ ವಾಲಿದೆ, ಹುಲ್ಲು ಎಷ್ಟು ವೇಗ ಕೊಡುತ್ತಿದೆ, ಗಾಳಿ ಎತ್ತ ಬೀಸುತ್ತಿದೆ, ಪಟ್ ಎಷ್ಟು ಅಡಿಯದ್ದು: ಇಷ್ಟನ್ನು ಹೇಳಿದರೆ ಕೈ ಯಾಕೆ ನಡುಗಿತೆಂದು ನೋಡುಗನಿಗೇ ಅರ್ಥವಾಗುತ್ತದೆ. ಇಂಥ ವಿವರಣೆಗೆ ಬೇಕಾದವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬಿಡದಿ, ಬೆಂಗಳೂರು, ಮೈಸೂರಿನ ಗಾಲ್ಫ್ ಮೈದಾನಗಳಲ್ಲಿ ಗ್ರೀನ್ ಓದುವುದರಲ್ಲೇ ಬದುಕು ಕಟ್ಟಿಕೊಂಡ, ಕನ್ನಡ ಮಾತಾಡುವ ಕ್ಯಾಡಿಗಳಿದ್ದಾರೆ, ಕೋಚ್‌ಗಳಿದ್ದಾರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಗಾಲ್ಫ್‌ನ ಮಿಶ್ರ ತಂಡ ಸ್ಪರ್ಧೆಯೂ ಇರಲಿದೆ. ಪ್ರಸಾರದ ಹಕ್ಕು ಪಡೆಯುವ ವಾಹಿನಿ ಅಷ್ಟರೊಳಗೆ ಇವರಲ್ಲಿ ಕೆಲವರನ್ನು ಆರಿಸಿ, ತರಬೇತಿ ಕೊಟ್ಟು ಮೈಕ್ ಮುಂದೆ ಕೂರಿಸಬೇಕು.