ಗಳಿಗೆಬಟ್ಟಲೂ ಮೈಕ್ರೊಕಂಟ್ರೋಲರೂ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

“ಬಿ. ಎ. ಓದುವವನಿಗೆ ಮೈಕ್ರೊಕಂಟ್ರೋಲರಿನ ಗೊಡವೆ ಏಕೆ?” ಎಂದು ಕೇಳುವವರು ನಮ್ಮಲ್ಲಿ ಬಹುಮಂದಿ. ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವವನು ತನ್ನ ಎಲ್ಲೆಯೊಳಗಿರಬೇಕು, ಯಂತ್ರದ ಮಾತು ವಿಜ್ಞಾನದ ವಿದ್ಯಾರ್ಥಿಗಳಿಗೇ ಮೀಸಲು ಎಂಬುದು ಅವರ ಅಭಿಪ್ರಾಯ. ಇದು ಸರಿಯಲ್ಲವೆಂದು ನನ್ನ ನಂಬಿಕೆ. ಬರಿಯ ಮಾತಿನಿಂದ ವಾದಿಸುವುದಕ್ಕಿಂತ ಒಂದು ಉದಾಹರಣೆಯನ್ನೇ ವಾಚಕರ ಮುಂದಿಡುವುದು ಲೇಸು.

ಹಿಂದಿನ ಕಾಲದ ಮದುವೆಗಳಲ್ಲಿ ಮುಹೂರ್ತವನ್ನು ಗಳಿಗೆಬಟ್ಟಲಿನಿಂದ ಅಳೆಯುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ನೀರು ಮೆಲ್ಲಮೆಲ್ಲನೆ ಒಳಸೇರಿ, ಒಂದು ಗಳಿಗೆ, ಎಂದರೆ 24 ನಿಮಿಷ, ಕಳೆಯುವ ಹೊತ್ತಿಗೆ ಬಟ್ಟಲು ಮುಳುಗುತ್ತಿತ್ತು. ಪುರೋಹಿತರು ಒಂದು, ಎರಡು ಎಂದು ಎಣಿಸುತ್ತ ಕೂರಬೇಕಾಗಿರಲಿಲ್ಲ. ಎಣಿಕೆ ನೀರಿನದು, ಮಿತಿ ಬಟ್ಟಲಿನದು, ಮುಳುಗುವುದೇ ಸೂಚನೆ. ಮೈಕ್ರೊಕಂಟ್ರೋಲರಿನ ಟೈಮರಿನಲ್ಲಿರುವ ‘ಔಟ್‌ಪುಟ್ ಕಂಪೇರ್’ ಎಂಬ ಏರ್ಪಾಡಿನ ತಿರುಳೂ ಇಷ್ಟೇ.

ಆರ್ಡುಯಿನೊ ಊನೊ ಎಂಬ ಬೋರ್ಡಿನ ಮೇಲೆ ಎಟಿಮೆಗಾ 328ಪಿ ಎಂಬ ಚಿಪ್ ಇರುತ್ತದೆ. ಆ ಬೋರ್ಡಿನಲ್ಲಿ ಅದರ ಗಡಿಯಾರದ ಬಡಿತ ಸೆಕೆಂಡಿಗೆ 1 ಕೋಟಿ 60 ಲಕ್ಷ. ಅದರ ‘ಟೈಮರ್ 1’ 0ಯಿಂದ 65,535ರವರೆಗೆ ಮಾತ್ರ ಎಣಿಸಬಲ್ಲದು. ಆದುದರಿಂದ ಬಡಿತಗಳನ್ನು 256ರಿಂದ ಭಾಗಿಸಿ ಕೊಡುತ್ತೇವೆ. ಆ ಅನುಕೂಲ ಚಿಪ್ಪಿನಲ್ಲಿಯೇ ಇದೆ. ಈಗ ಸೆಕೆಂಡಿಗೆ 62,500 ಎಣಿಕೆ. ಸೊನ್ನೆಯೂ ಒಂದು ಎಣಿಕೆಯಾದುದರಿಂದ ಹೋಲಿಕೆಯ ರಿಜಿಸ್ಟರಿನಲ್ಲಿ 62,499 ಎಂದು ಬರೆದಿಡಬೇಕು. ಎಣಿಕೆ ಆ ಮಿತಿಯನ್ನು ಮುಟ್ಟಿ ಮುಗಿದೊಡನೆ, ಮೊದಲೇ ವಿಧಿಸಿರುವಂತೆ, ಟೈಮರು ತಾನೇ 9ನೆಯ ಪಿನ್ನಿನ ಸ್ಥಿತಿಯನ್ನು ಬದಲಿಸಿ ಸೊನ್ನೆಗೆ ಮರಳುತ್ತದೆ. ದೀಪ ಒಂದು ಸೆಕೆಂಡ್ ಉರಿಯುತ್ತದೆ, ಒಂದು ಸೆಕೆಂಡ್ ಆರಿರುತ್ತದೆ. ಇದರಲ್ಲಿ ಭಾಗಾಕಾರವನ್ನು ಮೀರಿದ ಗಣಿತ ಎಲ್ಲಿದೆ?

ಆದರೆ ಹೊಸಬರಿಗೆ ಸಾಮಾನ್ಯವಾಗಿ ಮೊದಲು ಕಲಿಸುವುದು ‘ಡಿಲೇ’ ಎಂಬ ಆಜ್ಞೆಯನ್ನು. ಮುಖ್ಯ ಪ್ರೋಗ್ರಾಮು ಸೆಕೆಂಡು ಮುಗಿಯುವವರೆಗೆ ಅಲ್ಲಿಯೇ ನಿಂತಿರುತ್ತದೆ. ಹಾಲು ಉಕ್ಕೀತೆಂದು ಒಲೆಯ ಮುಂದಿನಿಂದ ಏಳದವರ ಹಾಗೆ. ಆ ಹೊತ್ತಿನಲ್ಲಿ ಸ್ವಿಚ್ಚು ಒತ್ತಿದರೆ ನೋಡುವವರಿಲ್ಲ. ಬೇರೆ ಕೆಲಸಕ್ಕೆ ಹಿಡಿದ ಕಾಲವೂ ಸೇರಿ ಪ್ರತಿ ಸುತ್ತೂ ಸ್ವಲ್ಪ ಸ್ವಲ್ಪ ಉದ್ದವಾಗುತ್ತದೆ. ಒಂದು ದೀಪಕ್ಕೆ ಇದು ಸುಲಭವೆಂಬುದನ್ನು ಒಪ್ಪುತ್ತೇನೆ. ಬೇರೆ ಬೇರೆ ಕಾಲಕ್ಕೆ ಮಿನುಗಬೇಕಾದ ಎರಡು ದೀಪಗಳಾದರೆ ಈ ಸುಲಭವೇ ತೊಡಕಾಗುತ್ತದೆ. ಎಣಿಸುವ ಕೆಲಸವನ್ನು ಎಣಿಸುವುದಕ್ಕೆಂದೇ ಇರುವವನಿಗೆ ಒಪ್ಪಿಸಿ, ಯೋಚಿಸುವವನನ್ನು ಬಿಡುವಾಗಿರಿಸುವುದು ಉತ್ತಮ. ಅರ್ಥಶಾಸ್ತ್ರದ ತರಗತಿಯಲ್ಲಿ ಶ್ರಮವಿಭಜನೆಯೆಂದು ನಾವು ಓದಿರುವುದೂ ಇದನ್ನೇ ಅಲ್ಲವೆ?

ಈ ಏರ್ಪಾಡಿಗೂ ಮಿತಿಯುಂಟು. ಈ ಚಿಪ್ಪಿನಲ್ಲಿ ಟೈಮರುಗಳು ಮೂರೇ. ಒಂದೊಂದಕ್ಕೆ ಹೋಲಿಕೆಯ ರಿಜಿಸ್ಟರುಗಳು ಎರಡೆರಡು. ಟೈಮರ್ 0ಯನ್ನು ಆರ್ಡುಯಿನೊ ತನ್ನ ಕಾಲಗಣನೆಗೇ ಬಳಸಿಕೊಳ್ಳುತ್ತದೆ. ಇರುವುದನ್ನು ಲೆಕ್ಕ ಹಾಕಿ ಹಂಚಬೇಕು. ಆದರೆ ಮಿತವಾದುದನ್ನು ಹಂಚುವ ವಿವೇಕವನ್ನು ಕಲಾ ವಿದ್ಯಾರ್ಥಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಪಟ್ಟಣದಲ್ಲಿ ಹುಟ್ಟಿದ್ದು ಎಂಜಿನಿಯರರಿಗಾಗಿ ಅಲ್ಲ. ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಸುಲಭವಾಗಲೆಂದು. ಅಲ್ಲಿಯವರಿಗೆ ಸಲ್ಲುವುದು ನಮಗೇಕೆ ಸಲ್ಲಬಾರದು?

ಓದಿದವರಿಲ್ಲದ ಮನೆಯಿಂದ ಬಂದ ನನ್ನಂಥವರಿಗೆ “ಇದು ನಿನಗಲ್ಲ” ಎಂಬ ಮಾತು ಹೊಸದಲ್ಲ. ಕಾಲೇಜೂ ನಮಗಲ್ಲವೆಂದೇ ಹೇಳುತ್ತಿದ್ದರು. ಬಾಗಿಲು ತೆರೆದ ಮೇಲೆ ಒಳಗೊಂದು ಅಡ್ಡಗೋಡೆ ಏಕೆ? ಇಂಗ್ಲಿಷಿನ ಭಯವೇ ಆ ಗೋಡೆಯ ಅರ್ಧ ಇಟ್ಟಿಗೆ. ಟೈಮರ್, ರಿಜಿಸ್ಟರ್ ಎಂಬ ಶಬ್ದಗಳು ಹಾಗೆಯೇ ಇರಲಿ. ಬಸ್ಸು, ರೈಲುಗಳಂತೆ ಅವೂ ನಮ್ಮವಾಗುತ್ತವೆ. ವಿವರಣೆ ಮಾತ್ರ ಕನ್ನಡದಲ್ಲಿರಲಿ.

ಮಾನ್ಯ ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಂತಿ ಇಷ್ಟೆ: ನಾಲ್ಕಾರು ಬೋರ್ಡುಗಳನ್ನು ತರಿಸಿ, ವಾರಕ್ಕೆ ಒಂದು ಗಂಟೆ, ವಿಷಯಭೇದವಿಲ್ಲದೆ ಎಲ್ಲರಿಗೂ ಕನ್ನಡದಲ್ಲಿ ಪಾಠ ನಡೆಯಲಿ. ಸಹಪಾಠಿಗಳಲ್ಲಿಯೂ ಒಂದು ಮಾತು: ಪಾಠ ಏರ್ಪಟ್ಟರೆ ಹಿಂದಿನ ಬೆಂಚನ್ನು ಹುಡುಕಬೇಡಿ. ನಾನು ಈ ವರ್ಷ ಕಾಲೇಜು ಬಿಡುತ್ತೇನೆ. ಆ ಗಂಟೆಯ ಪ್ರಯೋಜನ ನನಗಿಲ್ಲದಿದ್ದರೂ ಮುಂದಿನವರಿಗಾದರೂ ಸಿಗಲಿ.